ಗುಳಿ ಹಂಚು, ಭಟ್ಟಿ, ಮಫಿನ್: ಸಿಂಗಟಗೆರೆ ಸೀಮೆಯ ಮಕ್ಕಳ ಹಣ್ಣಿನ ತಿಂಡಿ

ಮಾಗಿದ ಹಣ್ಣನ್ನು ಹಿಟ್ಟಿನೊಂದಿಗೆ ಕಲಸಿ, ಬೆಲ್ಲ ಸೇರಿಸಿ, ಮಗುವಿನ ಮುಷ್ಟಿಗೆ ಒಂದೊಂದು ಸಿಗುವಂತೆ ಸಣ್ಣ ಸಣ್ಣದಾಗಿ ಬೇಯಿಸಿ ಕೊಡುವ ಪದ್ಧತಿ ಕಡೂರು ತಾಲ್ಲೂಕಿನ ಸಿಂಗಟಗೆರೆ ಸೀಮೆಗೆ ಹೊಸದಲ್ಲ. ಈ ಕಡೆಯ ಮನೆಗಳಿಗೆ ಓವನ್ ಬಂದದ್ದು ತೀರ ಈಚೆಗೆ. ಇಂದು ಬಾಳೆಹಣ್ಣು, ರಾಗಿ ಹಿಟ್ಟು, ಬೆಲ್ಲ ಹಾಕಿ ಮನೆಯಲ್ಲೇ ಮಾಡುವ ಮಫಿನ್ ಪೇಟೆಯ ತಿಂಡಿಯ ರೂಪದಲ್ಲಿ ಕಾಣಿಸಿಕೊಂಡರೂ ಅದರೊಳಗಿನ ಮುಖ್ಯ ಪದಾರ್ಥಗಳು ಈ ಸೀಮೆಯ ಹೊಲ, ತೋಟ, ಹಿತ್ತಲಿನವು. ನಡುವಿನ ನೂರು ವರ್ಷ ಮೈದಾ ಮತ್ತು ಸಕ್ಕರೆಯ ಕಾಲ. ಮಕ್ಕಳ ಹಣ್ಣಿನ ತಿಂಡಿಯಿಂದ ಹಣ್ಣು ಮರೆಯಾದದ್ದೂ ಮರಳಿ ಬಂದದ್ದೂ ಹೇಗೆ ಎಂಬುದು ಈ ಚರಿತ್ರೆಯ ಮುಖ್ಯ ಭಾಗ.

ಸಿಂಗಟಗೆರೆ ಹೋಬಳಿ ಕೇಂದ್ರ. 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಸಿಕೊಳ್ಳುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಲೆನಾಡು ಮತ್ತು ಬಯಲುಸೀಮೆ ಒಂದಕ್ಕೊಂದು ಅಂಟಿಕೊಂಡಿವೆ. ಶೃಂಗೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ ಕಡೂರಿನ ಕಡೆ ಸುಮಾರು 600 ಮಿಲಿಮೀಟರ್ ಬಿದ್ದರೆ ಅದೇ ಒಳ್ಳೆಯ ವರ್ಷ. ಹೊಲದಲ್ಲಿ ರಾಗಿ, ಜೋಳ, ಹುರುಳಿ, ಎಳ್ಳು, ಈರುಳ್ಳಿ. ನೀರಿರುವಲ್ಲಿ ತೆಂಗು ಮತ್ತು ಅಡಿಕೆ. ಗೋಧಿ ಇಲ್ಲಿನ ಬೆಳೆಯಲ್ಲ. ಹಬ್ಬಕ್ಕೆ ಬೇಕಾದ ಗೋಧಿ ರವೆಯನ್ನು ಸಂತೆಯಿಂದ ತರಬೇಕಿತ್ತು. ಬೇಯಿಸುವ ವಿಧಾನಗಳನ್ನು ಕುರಿತು ಮುಂದೆ ಹೇಳುವುದೆಲ್ಲ ಈ ಬೆಳೆಗಳ ಮೇಲೆಯೇ ನಿಂತಿದೆ.

ಗೋಧಿ ಹಿಟ್ಟಿಗೆ ನೀರು ಬಿದ್ದರೆ ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಎಳೆಎಳೆಯಾಗಿ ಬಲೆ ಕಟ್ಟುತ್ತದೆ. ಹುದುಗಿನ ಗಾಳಿ ಆ ಬಲೆಯಲ್ಲಿ ಸಿಕ್ಕಿ ರೊಟ್ಟಿ ಉಬ್ಬುತ್ತದೆ. ಪಶ್ಚಿಮ ಏಷ್ಯಾ ಮತ್ತು ಯುರೋಪಿನ ಭಟ್ಟಿಗಳು ಬೆಳೆದದ್ದು ಈ ಗುಣದ ಮೇಲೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದ್ದರಿಂದ ರಾಗಿಯ ಸೀಮೆಯಲ್ಲಿ ಹಿಟ್ಟನ್ನು ಕುದಿಸಿ ಮುದ್ದೆ ಕಟ್ಟುವುದು, ಹಂಚಿನ ಮೇಲೆ ತಟ್ಟಿ ರೊಟ್ಟಿ ಸುಡುವುದು, ಹಬೆಯಲ್ಲಿ ಕಡುಬು ಬೇಯಿಸುವುದು ಸಹಜವಾಗಿ ಬೆಳೆದವು. ಉರಿ ಯಾವಾಗಲೂ ಕೆಳಗಿನಿಂದಲೇ. ನಾಲ್ಕೂ ಕಡೆಯಿಂದ ಒಣ ಕಾವು ಕೊಡುವ ಮುಚ್ಚಿದ ಗೂಡನ್ನು ಕಟ್ಟಿ, ಅದನ್ನು ಗಂಟೆಗಟ್ಟಲೆ ಕಾಯಿಸಿ ಇಡಲು ಬೇಕಾಗುವ ಸೌದೆಯೂ ಬಯಲುಸೀಮೆಯಲ್ಲಿ ದುಬಾರಿಯೇ. ಹೀಗಾಗಿ ಕನ್ನಡದ ಮನೆಯಡುಗೆಯಲ್ಲಿ ಭಟ್ಟಿ ಇರಲಿಲ್ಲ. ಅದನ್ನು ಕೊರತೆ ಎನ್ನುವುದು ತಪ್ಪು. ಇದ್ದ ಧಾನ್ಯಕ್ಕೆ ಮತ್ತು ಇದ್ದ ಉರುವಲಿಗೆ ಸರಿಹೊಂದುವ ವಿಧಾನವೇ ಇಲ್ಲಿ ನೆಲೆಯಾಗಿತ್ತು.

ಹಾಗೆಂದು ಮೇಲಿನಿಂದ ಕಾವು ಕೊಡುವ ಉಪಾಯ ಕನ್ನಡಿಗರಿಗೆ ಗೊತ್ತಿರಲಿಲ್ಲ ಎಂದಲ್ಲ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಒಡೆಯನಾಗಿದ್ದ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ ಅಡುಗೆಯನ್ನೇ ವಿಷಯವಾಗಿಸಿಕೊಂಡ ಹಳೆಯ ಕನ್ನಡ ಕೃತಿ. ಹಿಟ್ಟಿನ ಭಕ್ಷ್ಯಗಳನ್ನು ವಿವರಿಸುವ ಭಾಗದಲ್ಲಿ ಅವನು ಮುಚ್ಚಳ ರೊಟ್ಟಿಯನ್ನು ಹೇಳುತ್ತಾನೆ. ಕಣಕವನ್ನು ಕಾವಲಿಯಲ್ಲಿಟ್ಟು, ಮುಚ್ಚಳ ಮುಚ್ಚಿ, ಮೇಲೂ ಕೆಳಗೂ ಕೆಂಡದ ಕಾವು ಕೊಟ್ಟು ಬೇಯಿಸುವ ಕ್ರಮ ಅದು. ಬೇಕಿಂಗ್ ಎಂದರೆ ಇದೇ. ಉತ್ತರ ಕನ್ನಡ ಮತ್ತು ಗೋವೆಯ ಕರಾವಳಿಯಲ್ಲಿ ಬಲಿತ ಸೌತೆಕಾಯಿ, ರವೆ, ಬೆಲ್ಲ, ಕಾಯಿತುರಿ ಸೇರಿಸಿ ಮಾಡುವ ತವಸಳಿಗೂ ಇದೇ ರೀತಿ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡುವ ರೂಢಿ ಇತ್ತು. ಆದರೆ ಇವು ಒಡೆಯರ ಮನೆಯ ಅಡುಗೆಗೆ ಅಥವಾ ಹಬ್ಬದ ದಿನಕ್ಕೆ ಸೇರಿದವು. ದಿನದಿನದ ಅಡುಗೆಯಲ್ಲಿ ಮಕ್ಕಳಿಗೆ ಸಿಹಿ ಮಾಡಲು ಇನ್ನೂ ಸುಲಭದ ಸಾಧನ ಬೇಕಿತ್ತು. ಪಡ್ಡಿನ ಹಂಚು ಆ ಸಾಧನ.

ಪಡ್ಡಿನ ಹಂಚು, ಗುಳಿಯಪ್ಪದ ಹಂಚು, ಕರಾವಳಿಯ ಅಪ್ಪದ ಕಾವಲಿ, ಎಲ್ಲವೂ ಒಂದೇ ಕುಲದವು. ಏಳು, ಒಂಬತ್ತು ಅಥವಾ ಹನ್ನೆರಡು ಗುಳಿಗಳಿರುವ ದಪ್ಪ ತಳದ ಪಾತ್ರೆ ಅದು; ಹಳೆಯವು ಬಳಪದ ಕಲ್ಲಿನವು ಇಲ್ಲವೆ ಬೀಡುಕಬ್ಬಿಣದವು. ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಮಾಡುವ ಖಾರದ ಪಡ್ಡು ದೊಡ್ಡವರಿಗೆ. ಮಕ್ಕಳಿಗೆಂದು ಅದೇ ಹಂಚಿನಲ್ಲಿ ಸಿಹಿ ಮಾಡುತ್ತಿದ್ದರು. ಗೊನೆಯಲ್ಲಿ ಕೊನೆಗೆ ಉಳಿದು ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಕೈಯಲ್ಲೇ ಕಿವುಚಿ, ಬೆಲ್ಲ ಕರಗಿಸಿದ ನೀರು, ಅಕ್ಕಿ ಹಿಟ್ಟು ಅಥವಾ ರವೆ, ಕಾಯಿತುರಿ, ಕುಟ್ಟಿದ ಏಲಕ್ಕಿ ಸೇರಿಸಿ ಹಿಟ್ಟು ಸೌಟಿನಿಂದ ಭಾರವಾಗಿ ಬೀಳುವ ಹದಕ್ಕೆ ಕಲಸಬೇಕು. ಅರ್ಧ ಗಂಟೆ ಬಿಟ್ಟರೆ ರವೆ ನೀರು ಹೀರಿಕೊಂಡು ಗಟ್ಟಿಯಾಗುತ್ತದೆ. ಪ್ರತಿ ಗುಳಿಗೂ ಒಂದೊಂದು ತೊಟ್ಟು ತುಪ್ಪ ಬಿಟ್ಟು, ಮುಕ್ಕಾಲು ಭಾಗ ಹಿಟ್ಟು ಹೊಯ್ದು, ಮುಚ್ಚಿ, ಉರಿ ಸಣ್ಣ ಮಾಡಬೇಕು. ಅಂಚು ಬಿಟ್ಟುಕೊಂಡು ಮೇಲ್ಭಾಗದ ಹಸಿ ಆರಿದ ಮೇಲೆ ಕಡ್ಡಿಯ ತುದಿಯಿಂದ ಒಂದೊಂದನ್ನೇ ಮಗುಚಿದರೆ ಎರಡೂ ಕಡೆ ಕೆಂಪಗೆ ಬೇಯುತ್ತದೆ. ಬೆಲ್ಲ ಹೆಚ್ಚಾದರೆ ತಳ ಹಿಡಿಯುತ್ತದೆ, ಹಣ್ಣು ಹೆಚ್ಚಾದರೆ ಒಳಗೆ ಬೇಯದೆ ಮೆತ್ತಗೆ ಉಳಿಯುತ್ತದೆ. ಇಂದು ಮಫಿನ್ ಮಾಡುವವರು ಎದುರಿಸುವ ತೊಂದರೆಗಳೂ ಇವೇ.

ಈ ಬಗೆಯ ಗುಳಿ ಪಾತ್ರೆ ಕನ್ನಡ ನಾಡಿಗೆ ಮಾತ್ರ ಸೀಮಿತವಲ್ಲ. ಡೆನ್ಮಾರ್ಕಿನ ಆಬ್ಲೆಸ್ಕಿವರ್, ನೆದರ್ಲೆಂಡಿನ ಪೊಫರ್ಟೀಸ್, ಜಪಾನಿನ ತಕೊಯಾಕಿ, ಇವಕ್ಕೆಲ್ಲ ಹತ್ತಿರಹತ್ತಿರ ಇದೇ ಆಕಾರದ ಹಂಚು ಬೇಕು. ಡೆನ್ಮಾರ್ಕಿನವರು ಹಿಂದೆ ಆ ಗುಳಿಗಳಲ್ಲಿ ಸೇಬಿನ ಹೋಳು ಇಟ್ಟು ಬೇಯಿಸುತ್ತಿದ್ದರು. ಓವನ್ ಇಲ್ಲದೆ ಚಿಕ್ಕ ತಿಂಡಿಯನ್ನು ಎಲ್ಲ ಕಡೆಯಿಂದ ಬೇಯಿಸಬೇಕೆಂದಾಗ ದೂರದೂರದ ನಾಡುಗಳ ಅಡುಗೆಯವರು ಒಂದೇ ಬಗೆಯ ಉತ್ತರ ಕಂಡುಕೊಂಡಿದ್ದಾರೆ.

ಯಾವ ಹಣ್ಣು ಯಾವಾಗ ಎಂಬುದನ್ನು ಕಾಲವೇ ನಿರ್ಧರಿಸುತ್ತಿತ್ತು. ಬಾಳೆ ವರ್ಷವಿಡೀ ಸಿಗುತ್ತದೆ. ಹಿತ್ತಲಿನಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ಒಂದೆರಡು ಬುಡ ಇಲ್ಲದ ಮನೆ ಕಡಿಮೆ. ಏಲಕ್ಕಿ ಬಾಳೆ ಚಿಕ್ಕದು, ಸಿಹಿ ಹೆಚ್ಚು, ಸ್ವಲ್ಪ ಹುಳಿಯೂ ಇರುವುದರಿಂದ ಹಿಟ್ಟಿಗೆ ರುಚಿ ಕೊಡುತ್ತದೆ. ಪಚ್ಚಬಾಳೆ ತಿರುಳು ಹೆಚ್ಚು, ಬೇಗ ಕಿವುಚಬಹುದು. ಬೇಸಿಗೆಯ ಕೊನೆಗೆ ಹಲಸು. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆಯ ಸಖರಾಯಪಟ್ಟಣದ ಸುತ್ತಿನ ಹಲಸಿಗೆ ದೊಡ್ಡ ಹೆಸರಿದೆ. ಹಂಗಾಮಿನಲ್ಲಿ ರಸ್ತೆಯ ಬದಿಯಲ್ಲೇ ರಾಶಿ ಹಾಕಿ ಮಾರುತ್ತಾರೆ. ಹಲಸಿನ ತೊಳೆಯನ್ನು ರುಬ್ಬಿ ಅಕ್ಕಿ ತರಿ, ಬೆಲ್ಲ, ಕಾಯಿ ಸೇರಿಸಿ ಬಾಳೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಹಲಸಿನ ಕಡುಬು ಮಲೆನಾಡಿನದಾದರೂ ಬಯಲಿಗೂ ಇಳಿದು ಬಂದಿದೆ. ಮಾವು, ಪರಂಗಿ, ಸೀಬೆ ಮಕ್ಕಳು ಹಾಗೆಯೇ ತಿನ್ನುವ ಹಣ್ಣುಗಳು. ಹಿಟ್ಟಿಗೆ ಸೇರುತ್ತಿದ್ದದ್ದು ಮುಖ್ಯವಾಗಿ ಬಾಳೆ ಮತ್ತು ಹಲಸು. ಅದಕ್ಕೆ ಕಾರಣ ಇವೆರಡೂ ಒಂದೇ ಸಲಕ್ಕೆ ಮನೆಮಂದಿ ತಿಂದು ಮುಗಿಸಲಾಗದಷ್ಟು ಹಣ್ಣಾಗುವುದು. ಮಕ್ಕಳ ತಿಂಡಿ ಹುಟ್ಟಿದ್ದು ಹಣ್ಣು ಹಾಳಾಗದಂತೆ ನೋಡಿಕೊಳ್ಳುವ ಗೃಹಿಣಿಯ ಲೆಕ್ಕಾಚಾರದಿಂದ.

ತೀರ ಎಳೆಯ ಮಕ್ಕಳ ಆಹಾರಕ್ಕೆ ಬೇರೆಯೇ ಕ್ರಮ ಇತ್ತು. ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ಸ್ವಲ್ಪ ದೊಡ್ಡದಾದ ಮಗುವಿಗೆ ಅರಳು ಬರುವಂತೆ ಹುರಿದ ರಾಗಿಯ ಹುರಿಹಿಟ್ಟನ್ನು ಹಾಲು, ಬೆಲ್ಲದೊಂದಿಗೆ ಕಲಸಿ ಕೊಡುತ್ತಿದ್ದರು. ಮೊಳಕೆ ಬರಿಸುವುದರ ಹಿಂದಿನ ಕಾರಣವನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಸ್ಪಷ್ಟಪಡಿಸಿತು. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹೆಚ್ಚಾಗುತ್ತದೆ; ಹಾಗಾಗಿ ಗಂಜಿ ಕುದಿಸಿದಾಗ ಅಂಟಂಟಾಗಿ ಗಟ್ಟಿಯಾಗುವುದಿಲ್ಲ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಚಿಕ್ಕ ಹೊಟ್ಟೆಯ ಮಗುವಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳನ್ನು ಸೇರಿಸಿದ ಶಿಶು ಆಹಾರವನ್ನು ಅವರು ರೂಪಿಸಿದರು. ಅಜ್ಜಿಯರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಪ್ರಯೋಗಾಲಯದ ಮಾತು ಸಿಕ್ಕಿದ್ದು ಹೀಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು.

ಜಿಡ್ಡಿನ ವಿಷಯದಲ್ಲಿ ಈ ಸೀಮೆಗೆ ಎರಡು ಮೂಲಗಳಿದ್ದವು. ಒಂದು ತೆಂಗು. ಇನ್ನೊಂದು ಬೆಣ್ಣೆ. ಪಕ್ಕದ ಅಜ್ಜಂಪುರ ಅಮೃತಮಹಲ್ ತಳಿಯ ಕೇಂದ್ರ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು–ಬೆಣ್ಣೆ ಒದಗಿಸಲು ರೂಪುಗೊಂಡ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಆಯಿತು. ಆ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲು ಇಂದಿಗೂ ಉಳಿದಿದೆ. ಅಮೃತಮಹಲ್ ದನ ಹೆಸರಾದದ್ದು ಎಳೆಯುವ ಬಲಕ್ಕೆ, ಹಾಲು ಕಡಿಮೆಯೇ. ಆದರೂ ದನ ಸಾಕುವ ನಾಡಿನಲ್ಲಿ ಮಗುವಿನ ತಟ್ಟೆಗೆ ಬೆರಳಷ್ಟು ತುಪ್ಪಕ್ಕೆ ಕೊರತೆ ಇರಲಿಲ್ಲ.

ಹೊರಗಿನ ತಿಂಡಿ ಬಂದದ್ದು ರೈಲಿನಲ್ಲಿ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಮೀಟರ್ ಗೇಜ್ ಹಳಿ 1889ರಲ್ಲಿ ಪೂರ್ಣಗೊಂಡು ಕಡೂರು, ಬೀರೂರುಗಳು ನಿಲ್ದಾಣಗಳಾದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹಳಿ ಬಿತ್ತು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಜಿಲ್ಲಾ ಕೇಂದ್ರಕ್ಕೂ ಹತ್ತಿರದ ನಿಲ್ದಾಣ ಕಡೂರೇ. ಬೆಟ್ಟದ ಕಾಫಿ ತೋಟಗಳ ಬ್ರಿಟಿಷ್ ಬಂಗಲೆಗಳಲ್ಲಿ ಕೇಕು, ಪುಡ್ಡಿಂಗು ಬೇಯಿಸುವ ಬಟ್ಲರುಗಳಿದ್ದರು. ಆ ಅಡುಗೆ ಬಂಗಲೆಯ ಬೇಲಿ ದಾಟಿ ಬಯಲಿನ ಹಳ್ಳಿಗೆ ಬರಲಿಲ್ಲ. ಹಳ್ಳಿಗೆ ಮುಟ್ಟಿದ್ದು ರೈಲು ನಿಲ್ದಾಣದ ಅಂಗಡಿಯ ಬಿಸ್ಕತ್ತು, ಬನ್ನು ಮತ್ತು ಡಬಲ್ ರೊಟ್ಟಿ. ಬಹುಕಾಲ ಡಬಲ್ ರೊಟ್ಟಿ ಎಂದರೆ ಜ್ವರ ಬಂದವರ ಪಥ್ಯ ಎಂದೇ ಹಳ್ಳಿಯವರ ಎಣಿಕೆ.

ಈ ತಿಂಡಿಯನ್ನು ಕನ್ನಡಿಗರ ನಾಲಿಗೆಗೆ ಒಗ್ಗಿಸಿದವರು ಹಾಸನ ಜಿಲ್ಲೆಯ ಅಯ್ಯಂಗಾರರು. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರಾಹ್ಮಣರ ಬೇಕರಿ ಆರಂಭಿಸಿದರು. ಅವರ ಸಿಹಿ ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ಗಿರಾಕಿ ಬೇಕಿಂಗ್ ಕಲಿಸಿದನೆಂಬ ಮಾತು ಪ್ರಚಲಿತವಾಗಿದೆ. ಮೊಟ್ಟೆ ಇಲ್ಲದ ಬ್ರೆಡ್ಡು, ಬನ್ನು, ಕೇಕು ಎಂಬ ಕಾರಣಕ್ಕೆ ಮಡಿವಂತರೂ ಅಂಜದೆ ಕೊಂಡರು. ಬೇಕರಿಯಲ್ಲಿ ಕೆಲಸ ಕಲಿತ ಬಂಧುಗಳು, ಊರಿನವರು ಒಬ್ಬರ ಹಿಂದೊಬ್ಬರು ಹೊರಟು ತಾಲ್ಲೂಕು ತಾಲ್ಲೂಕಿಗೂ ಸೌದೆ ಭಟ್ಟಿ ಕಟ್ಟಿದರು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕರ್ನಾಟಕದ ಯಾವ ಪೇಟೆಯ ಬಸ್ ನಿಲ್ದಾಣದ ಎದುರೂ ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಕಾಣಿಸುವಂತಾಯಿತು. ನೆರೆಯ ರಾಜ್ಯಗಳಲ್ಲಿ ಅದು ಬೆಂಗಳೂರು ಅಯ್ಯಂಗಾರ್ ಬೇಕರಿಯಾಯಿತು.

ಅಯ್ಯಂಗಾರ್ ಬೇಕರಿ ಕನ್ನಡದ ಆಹಾರ ಚರಿತ್ರೆಯಲ್ಲಿ ಗೌರವಕ್ಕೆ ಅರ್ಹವಾದ ಅಧ್ಯಾಯ. ಪರದೇಶದ ಭಟ್ಟಿಯಲ್ಲಿ ಖಾರಾ ಬನ್ನನ್ನೂ ಬೆಣ್ಣೆ ಬಿಸ್ಕತ್ತನ್ನೂ ಕೊಬ್ಬರಿ ತುಂಬಿದ ದಿಲ್‌ಪಸಂದನ್ನೂ ಬೇಯಿಸಿ, ಅದನ್ನು ನಮ್ಮದೇ ಎನ್ನುವಂತೆ ಮಾಡಿದ ಜಾಣ್ಮೆ ದೊಡ್ಡದು. ಆದರೆ ಮಕ್ಕಳ ಆಹಾರದ ದೃಷ್ಟಿಯಿಂದ ನೋಡಿದರೆ ಒಂದು ನಷ್ಟವೂ ಆಯಿತು. ಬೇಕರಿಯ ಹಿಟ್ಟು ಮೈದಾ: ಗೋಧಿಯ ತವಡು ಮತ್ತು ಮೊಳಕೆಯ ಭಾಗವನ್ನು ತೆಗೆದು ಬಿಳಿ ಮಾಡಿದ್ದು. ಜಿಡ್ಡು ಬಹುಪಾಲು ವನಸ್ಪತಿ. ಹಣ್ಣು ಎಂದು ಕಾಣುವ ಕೆಂಪು, ಹಸಿರು, ಹಳದಿ ಟೂಟಿ ಫ್ರೂಟಿ ವಾಸ್ತವವಾಗಿ ಪರಂಗಿ ಕಾಯಿಯ ಚೂರು. ಅದನ್ನು ಬೇಯಿಸಿ, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಾಕುತ್ತಾರೆ. ಹಿತ್ತಲಿನ ಬಾಳೆಹಣ್ಣಿನಲ್ಲಿ ಸಿಹಿ, ನಾರು, ಪೊಟ್ಯಾಸಿಯಂ ಒಟ್ಟಿಗೆ ಇದ್ದವು. ಬನ್ನಿನೊಳಗಿನ ಈ ಚೂರಿನಲ್ಲಿ ಮುಖ್ಯವಾಗಿ ಉಳಿದದ್ದು ಸಕ್ಕರೆ. ಸಂತೆಯಿಂದ ಬರುವ ದೊಡ್ಡವರ ಚೀಲದಲ್ಲಿ ಮಕ್ಕಳು ಹುಡುಕುವುದು ಬೇಕರಿಯ ಪೊಟ್ಟಣವಾದ ಮೇಲೆ ಸಿಹಿ ಪಡ್ಡು ಅಪರೂಪವಾಗುತ್ತ ಬಂತು.

ಗೋಧಿ ಹಳ್ಳಿಯ ಅಡುಗೆಮನೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಬರಗಾಲದ ದಾರಿಯಲ್ಲಿ. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಪಿ.ಎಲ್. 480 ಎಂಬ ಆಹಾರ ನೆರವಿನ ಒಪ್ಪಂದದ ಗೋಧಿ ಪಡಿತರ ಅಂಗಡಿಗಳ ಮೂಲಕ ರಾಗಿ ಉಣ್ಣುವ ಮನೆಗಳಿಗೂ ತಲುಪಿತು. ಶಾಲೆಗಳಲ್ಲಿ ಕೇರ್ ಎಂಬ ನೆರವು ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಮತ್ತು ಹಾಲಿನ ಪುಡಿ ಒಂದು ತಲೆಮಾರಿನ ಮಕ್ಕಳ ನೆನಪಿನಲ್ಲಿ ಉಳಿದಿವೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಹಾರ ಸಂಶೋಧನಾಲಯ ಕಡಲೆಕಾಯಿ ಹಿಂಡಿಯ ಹಿಟ್ಟು ಮೂರು ಪಾಲು, ಹುರಿಗಡಲೆ ಹಿಟ್ಟು ಒಂದು ಪಾಲು ಸೇರಿಸಿ ‘ಬಹೂಪಯೋಗಿ ಆಹಾರ’ವನ್ನು ಸಿದ್ಧಪಡಿಸಿ ಮಕ್ಕಳ ತಿಂಡಿಗಳಿಗೆ ಪ್ರೋಟೀನು ಸೇರಿಸುವ ದಾರಿ ತೋರಿಸಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲಿಗೆ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಮುಂದೆ ಅಂಗನವಾಡಿ ಪ್ರತಿ ಹಳ್ಳಿಯದಾಯಿತು. ಆರು ವರ್ಷದೊಳಗಿನ ಮಕ್ಕಳ ಆಹಾರ ಮನೆಯ ಕೆಲಸವಾಗಿರುವಂತೆಯೇ ಸರ್ಕಾರದ ಹೊಣೆಯೂ ಆಯಿತು.

ಮನೆಯಲ್ಲೇ ಕೇಕು ಬೇಯಿಸುವ ಹಂಬಲ ಹುಟ್ಟಿದ್ದು ಪ್ರೆಷರ್ ಕುಕ್ಕರ್ ಮತ್ತು ಅಡುಗೆ ಅನಿಲ ಬಂದ ಮೇಲೆ. ವಾರಪತ್ರಿಕೆಗಳ ಅಡುಗೆ ಪುಟಗಳಲ್ಲಿ ಕುಕ್ಕರ್ ಕೇಕಿನ ವಿಧಾನ ಮತ್ತೆ ಮತ್ತೆ ಬರುತ್ತಿತ್ತು. ದಪ್ಪ ತಳದ ಕುಕ್ಕರಿನಲ್ಲಿ ಎರಡು ಬೆರಳು ದಪ್ಪಕ್ಕೆ ತೊಳೆದು ಒಣಗಿಸಿದ ಮರಳು ಅಥವಾ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡು ಇಟ್ಟು, ಮುಚ್ಚಳದ ರಬ್ಬರು ಮತ್ತು ವಿಷಲು ತೆಗೆದು, ಹತ್ತು ನಿಮಿಷ ಬರಿದೇ ಕಾಯಿಸಬೇಕು. ಹಿಟ್ಟಿನ ಪಾತ್ರೆ ಒಳಗಿಟ್ಟ ಮೇಲೆ ಉರಿ ಸಣ್ಣದು. ನೀರು ಒಂದು ತೊಟ್ಟೂ ಬೀಳಬಾರದು. ಮರಳು ಕಾವನ್ನು ಹಿಡಿದಿಟ್ಟುಕೊಂಡು ಸಮನಾಗಿ ಹರಡುತ್ತದೆ, ಮುಚ್ಚಳಕ್ಕೆ ತಾಗಿದ ಬಿಸಿ ಗಾಳಿ ಮೇಲಿನಿಂದ ಬೇಯಿಸುತ್ತದೆ. ಕಡಲೆಕಾಯಿಯನ್ನೂ ಅರಳನ್ನೂ ಮರಳಿನಲ್ಲಿ ಹುರಿಯುವುದು ಗೊತ್ತಿದ್ದ ನಾಡಿಗೆ ಈ ಉಪಾಯ ಅಪರಿಚಿತವೇನಲ್ಲ. ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಓವನ್ ಅದೇ ಕಾಲದಲ್ಲಿ ಪೇಟೆಯ ಮನೆಗಳಿಗೆ ಬಂತು. ಈಗ ಬಳಕೆಯಲ್ಲಿರುವ ಓವನ್ ಟೋಸ್ಟರ್ ಅದರ ನಂತರದ್ದು. 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಬೇಕರಿಗಳಿಗೆ ಹೋಗುವಂತಿಲ್ಲದೆ, ಮಕ್ಕಳು ದಿನವಿಡೀ ಮನೆಯಲ್ಲೇ ಇದ್ದಾಗ, ಈ ಕಲಿಕೆ ಚಿಕ್ಕ ಊರುಗಳಲ್ಲೂ ಹಬ್ಬಿತು.

ಮಫಿನ್ ಎಂಬ ತಿಂಡಿಯ ಹುಟ್ಟು ಬೇರೆ ಕಡೆಯದು. ಇಂಗ್ಲೆಂಡಿನ ಹಳೆಯ ಮಫಿನ್ ಯೀಸ್ಟ್ ಹಾಕಿ ಕಾವಲಿಯ ಮೇಲೆ ಬೇಯಿಸುವ ಚಪ್ಪಟೆ ರೊಟ್ಟಿ. ಕಪ್ಪಿನಾಕಾರದಲ್ಲಿ ಉಬ್ಬುವ ಇಂದಿನ ಮಫಿನ್ ಅಮೆರಿಕದಲ್ಲಿ ರೂಪುಗೊಂಡಿತು, ಅದೂ ರಾಸಾಯನಿಕ ಹುದುಗು ಬಂದ ಮೇಲೆ. 1796ರಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲಿ ಕಟ್ಟಿಗೆ ಬೂದಿಯಿಂದ ತೆಗೆದ ಕ್ಷಾರವನ್ನು ಹಿಟ್ಟು ಉಬ್ಬಿಸಲು ಬಳಸಿದ್ದಿದೆ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ ಬೇಕಿಂಗ್ ಪೌಡರ್ ಸಿದ್ಧಪಡಿಸಿದ. ಸೋಡ ಹುಳಿಯೊಂದಿಗೆ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ, ಹಿಟ್ಟು ನಿಮಿಷಗಳಲ್ಲಿ ಉಬ್ಬುತ್ತದೆ; ರಾತ್ರಿಯಿಡೀ ಕಾಯಬೇಕಿಲ್ಲ, ಹಿಟ್ಟಿನಲ್ಲಿ ಗ್ಲುಟೆನ್ ಬಲೆಯೂ ಬಿಗಿಯಾಗಿರಬೇಕಿಲ್ಲ. ಮಾಗಿ ಕಪ್ಪಾದ ಬಾಳೆಹಣ್ಣು ಹಾಕುವ ರೊಟ್ಟಿ ಅಮೆರಿಕದಲ್ಲಿ ಮನೆಮಾತಾದದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ಅಲ್ಲಿಯೂ ಹಣ್ಣನ್ನು ಎಸೆಯಬಾರದೆಂಬ ಮನೆಯವರ ಕಾಳಜಿಯೇ ಮೂಲ.

ರಾಗಿಗೆ ಮಫಿನ್ ಒಗ್ಗಿದ್ದು ಗ್ಲುಟೆನ್ ಬಲೆ ಬಿಗಿಯಾಗಿರಬೇಕಿಲ್ಲ ಎಂಬ ಕಾರಣಕ್ಕೆ. ರಾಗಿಯಲ್ಲಿ ಬ್ರೆಡ್ಡು ಮಾಡುವುದು ಕಷ್ಟ, ಮಫಿನ್ ಸುಲಭ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಆವರಣದ ಬೇಕರಿ ತರಬೇತಿ ಘಟಕ ಹಲವು ಬ್ಯಾಚುಗಳ ಮಹಿಳೆಯರಿಗೆ, ಯುವಕರಿಗೆ ಈ ವಿದ್ಯೆ ಕಲಿಸಿದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿ, ನವಣೆ, ಸಾಮೆಗಳ ಕೇಕು–ಬಿಸ್ಕತ್ತುಗಳು ಸಿರಿಧಾನ್ಯ ಮೇಳಗಳಲ್ಲಿ ಎದ್ದು ಕಂಡವು. ರಾಗಿ ಬೆಳೆಯುವ ಹೋಬಳಿಯವರಿಗೆ ಇದರಲ್ಲಿ ಸಂತೋಷಪಡುವ ಕಾರಣ ಇದೆ. ಮಕ್ಕಳು ಮುದ್ದೆಗೆ ಮುಖ ತಿರುಗಿಸುವ ವಯಸ್ಸಿನಲ್ಲಿ ಅದೇ ಧಾನ್ಯವನ್ನು ಬೇರೆ ರೂಪದಲ್ಲಿ ಕೊಡಲು ದಾರಿಯಾಯಿತು.

ಹನ್ನೆರಡು ಚಿಕ್ಕ ಮಫಿನ್‌ಗಳಿಗೆ ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಚೆನ್ನಾಗಿ ಮಾಗಿದ ಪಚ್ಚಬಾಳೆ ಮೂರು ಅಥವಾ ಏಲಕ್ಕಿ ಬಾಳೆ ಆರು, ಮೊಸರು 100 ಮಿಲಿಲೀಟರ್, ಎಣ್ಣೆ ಅಥವಾ ಕರಗಿಸಿದ ಬೆಣ್ಣೆ 60 ಮಿಲಿಲೀಟರ್, ಬೆಲ್ಲದ ಪುಡಿ 50 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಚಮಚ, ಅಡುಗೆ ಸೋಡ ಕಾಲು ಚಮಚ ಬೇಕು. ಒಣ ಪದಾರ್ಥಗಳನ್ನು ಎರಡು ಸಲ ಜರಡಿ ಹಿಡಿದು, ಒದ್ದೆ ಪದಾರ್ಥಗಳನ್ನು ಬೇರೆ ಕಲಸಿಟ್ಟು, ಕೊನೆಗೆ ಎರಡನ್ನೂ ಹಿಟ್ಟು ನೆನೆಯುವಷ್ಟೇ ಬೆರೆಸಬೇಕು. ಹೆಚ್ಚು ತಿರುವಿದರೆ ಗೋಧಿಯ ಗ್ಲುಟೆನ್ ಬಿಗಿದು ಮಫಿನ್ ರಬ್ಬರಿನಂತಾಗುತ್ತದೆ. ಅಲ್ಲಲ್ಲಿ ಸಣ್ಣ ಗಂಟು ಉಳಿದರೂ ಪರವಾಗಿಲ್ಲ. ಮೊಸರಿನ ಹುಳಿ ಸೋಡವನ್ನು ಎಬ್ಬಿಸುತ್ತದೆ, ಆದ್ದರಿಂದ ಕಲಸಿದ ಹಿಟ್ಟನ್ನು ತಡಮಾಡದೆ ಅಚ್ಚಿಗೆ ಮುಕ್ಕಾಲು ಭಾಗ ತುಂಬಿ 180 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ಕುಕ್ಕರಿನಲ್ಲಾದರೆ 25ರಿಂದ 30 ನಿಮಿಷ. ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಂತೆ. ಹಲಸಿನ ಕಾಲದಲ್ಲಿ ಬಾಳೆಯ ಬದಲು ರುಬ್ಬಿದ ತೊಳೆ ಹಾಕಬಹುದು. ಅದರ ಸಿಹಿಗೆ ಬೆಲ್ಲವನ್ನು ಅರ್ಧಕ್ಕೆ ಇಳಿಸಬೇಕು. ಎಣ್ಣೆಯಲ್ಲಿ ಸ್ವಲ್ಪ ಭಾಗಕ್ಕೆ ಬದಲಾಗಿ ಗಟ್ಟಿ ತೆಂಗಿನ ಹಾಲು ಹಾಕಿದರೆ ಪರಿಮಳವೂ ಮೆದುತನವೂ ಹೆಚ್ಚುತ್ತವೆ.

ಬೆಲ್ಲ ಹಾಕಿದ್ದೆಲ್ಲ ಆರೋಗ್ಯಕರ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಬೆಲ್ಲದಲ್ಲಿ ಅಲ್ಪ ಖನಿಜಗಳಿದ್ದರೂ ಮೈಗೆ ಅದು ಸಕ್ಕರೆಯೇ. ಎರಡು ವರ್ಷದೊಳಗಿನ ಮಕ್ಕಳಿಗೆ ಸೇರಿಸಿದ ಸಕ್ಕರೆ ಬೇಡ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಯ ಸಲಹೆ. ಆ ವಯಸ್ಸಿನವರಿಗೆ ಮಾಡುವಾಗ ಬೆಲ್ಲವನ್ನು ಬಿಟ್ಟು, ಇನ್ನೊಂದು ಹಣ್ಣು ಹೆಚ್ಚು ಹಾಕಿದರೆ ಸಾಕು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳನ್ನು ಎಳೆಯ ಕರುಳು ತಡೆದುಕೊಳ್ಳಲಾರದು. ಇಡೀ ಗೋಡಂಬಿ, ಬಾದಾಮಿ, ಕಡಲೆಕಾಯಿ ಬೀಜ ಚಿಕ್ಕ ಮಕ್ಕಳ ಗಂಟಲಿಗೆ ಅಪಾಯಕಾರಿ. ಪುಡಿ ಮಾಡಿ ಹಾಕಿದರೆ ಆ ಭಯ ಇಲ್ಲ, ಪ್ರೋಟೀನೂ ಸೇರುತ್ತದೆ. ದ್ರಾಕ್ಷಿ, ಖರ್ಜೂರಗಳನ್ನೂ ಸಣ್ಣಗೆ ಹೆಚ್ಚಬೇಕು.

ಹಣ್ಣನ್ನು ಮಕ್ಕಳ ದಿನದ ಆಹಾರವಾಗಿ ಎಣಿಸುವ ಕ್ರಮ ಶಾಲೆಯ ಮೂಲಕವೂ ಬಲಗೊಂಡಿದೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲಿನ ಜೊತೆಗೆ, 2022–23ರಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಮನೆಯಲ್ಲಿ ಬೇಯಿಸಿದ ಮಫಿನ್ ಮಕ್ಕಳ ಊಟದ ಡಬ್ಬಿಗೆ ಅನುಕೂಲ: ಒಂದು ಮಗುವಿಗೆ ಒಂದು, ಕೈಗೆ ಅಂಟುವುದಿಲ್ಲ, ಚೆಲ್ಲುವುದಿಲ್ಲ. ಇಡುವ ವಿಷಯದಲ್ಲಿ ಎಚ್ಚರ ಬೇಕು. ಹಣ್ಣಿನ ತೇವ ಹೆಚ್ಚಿರುವುದರಿಂದ, ಬೇಕರಿಯ ಮಾಲಿನಂತೆ ಕೆಡದಿರಲು ಏನನ್ನೂ ಹಾಕದಿರುವುದರಿಂದ, ಕಡೂರಿನ ಏಪ್ರಿಲ್–ಮೇ ಬಿಸಿಲಿಗೆ ಅದು ಒಂದು ದಿನ ಮಾತ್ರ ಉಳಿಯುತ್ತದೆ. ಚಳಿಗಾಲದಲ್ಲಿ ಎರಡು ದಿನ. ಪೂರ್ತಿ ಆರಿದ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ದಿನ ಬರುತ್ತದೆ, ಕೊಡುವ ಮೊದಲು ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ.